ಲೆಕ್ಕಕ್ಕೆ ಸಿಗದ ಓಣಿ

ನಾನೊಂದು ಸೋಲಾರ್ ಬ್ಯಾಟರಿ. ಕಾರ್ಖಾನೆಯಲ್ಲಿ ಹೊಟ್ಟೆಯೊಳಗೆ ಸೀಸದ ತಟ್ಟೆಗಳನ್ನು ಜೋಡಿಸಿ, ಆ್ಯಸಿಡ್ ಕುಡಿಸಿ, ಕರಿ ಅಂಗಿ ತೊಡಿಸಿದರು. ಹುಟ್ಟಿದಾಗಲೇ ಇಬ್ಬರು ಸೇರಿ ಎತ್ತಬೇಕಾದ ಗುಂಡ ನಾನು! ಲಾರಿ ಹತ್ತಿ ಮುಧೋಳಕ್ಕೆ ಬಂದು, ರೊಟ್ಟಿ ಮಾಡಿ ಮಾರುವ ಮಹಾನಂದಾಳ ಮನೆ ಸೇರಿದೆ.

ಸೋಲಾರ್ ಕೂಡಿಸಲು ಬಂದ ಹುಸೇನಸಾಬ ಬಲ್ಬು ಎಷ್ಟು, ಫ್ಯಾನು ಎಷ್ಟು, ಟೀವಿ ಎಷ್ಟು ಹೊತ್ತು ಎಂದೆಲ್ಲ ಕೇಳಿದ. ಬಳಸುವ ಕರೆಂಟಿಗೆ ತಕ್ಕ ಬ್ಯಾಟರಿ, ಅದನ್ನು ಒಂದೇ ಹಗಲಲ್ಲಿ ತುಂಬುವಷ್ಟು ಪ್ಯಾನೆಲ್ಲು, ಇದು ಅವನ ಲೆಕ್ಕ.

“ಮೋಡದ ದಿನಕ್ಕಂತ ಇನ್ನೊಂದು ಬ್ಯಾಟರಿ ಇಡೂಣೇನ್ರಿ, ಅಕ್ಕಾರ?”

“ಬ್ಯಾಡೋ ತಮ್ಮಾ, ನಮ್ಮೂರಾಗ ಎಲ್ಲಿ ಮೋಡ? ಇರೋರು ನಾನು, ನನ್ನ ಮಗಳು, ಇಬ್ಬರ.”

ಕರೆಂಟು ಹೋದರೆ ಬೆಳಕಿದ್ದ ಮನೆಗೆ ಇಡೀ ಓಣಿ ಬರುತ್ತದೆ, ಬಂದವರಿಗೆ ಇಲ್ಲವೆನ್ನುವ ರೂಢಿ ಅಲ್ಲಿಲ್ಲ. ಅದು ಮಹಾನಂದಾಳಿಗೂ ಹುಸೇನಸಾಬನಿಗೂ ಗೊತ್ತು. ಲೆಕ್ಕಕ್ಕೆ ಮಾತ್ರ ಯಾರೂ ಹಿಡಿಯಲಿಲ್ಲ.

ಅದರ ಬಿಸಿ ತಟ್ಟಿದ್ದು ಮಗಳು ಭಾಗ್ಯಾ ಕಬಡ್ಡಿ ಫೈನಲ್ ಆಡಿದ ಸಂಜೆ. ಒಲೆ ಬಿಟ್ಟು ಹೋಗಲಾಗದ ಮಹಾನಂದಾ ಮಗಳ ಆಟವನ್ನು ಒಮ್ಮೆಯೂ ಕಂಡಿರಲಿಲ್ಲ. ಈಗ ಮಗಳು ಟೀವಿಯಲ್ಲೇ ಬರುತ್ತಿದ್ದಳು! ಆದರೆ ಹಗಲೆಲ್ಲ ಮೋಡ ಕವಿದು ನಾನು ಅರೆಹೊಟ್ಟೆಯಲ್ಲಿದ್ದೆ. ಆಟ ಶುರುವಾಗುತ್ತಲೇ ಕರೆಂಟು ಕೈಕೊಟ್ಟಿತು. ಓಣಿ ಬಂತು. ಸಿಕ್ಕ ಸಿಕ್ಕ ಕಡೆ ಮೊಬೈಲ್ ಚಾರ್ಜಿಗೆ ಹಾಕಿದರು. ಒಬ್ಬಾಕೆ ಮಿಕ್ಸರ್ ತಂದು ಚಟ್ನಿಯನ್ನೂ ರುಬ್ಬಿದಳು! ನನ್ನ ಜೀವ ಬಾಯಿಗೆ ಬಂತು.

ಇನ್ವರ್ಟರ್ ಕೀ ಕೀ ಎಂದು ಕೂಗತೊಡಗಿತು.

“ಟೀವಿ ಒಂದ ಇರ್ಲಿ, ಉಳಿದದ್ದೆಲ್ಲ ತಗೀರಿ!” ಮಹಾನಂದಾ ಚೀರಿದಳು.

ಮೊಬೈಲು ಕಿತ್ತರು, ಫ್ಯಾನು ಆರಿಸಿದರು, ಲೈಟೂ ಹೋಯಿತು. ಎರಡೂ ಕಡೆ ಅಂಕ ಸಮ. ಕೊನೆಯ ರೇಡಿಗೆ ಭಾಗ್ಯಾ ಹೊರಟಳು. ಎದುರಾಳಿ ಒಬ್ಬಳನ್ನು ಮುಟ್ಟಿದಳು, ಮೂವರು ಸೊಂಟ ಹಿಡಿದು ಕೆಡವಿದರು. ತಾಳು ಮಗಳೇ, ನಾನೂ ತಾಳುತ್ತೇನೆ ಎಂದೆ. ಅವಳು ತೆವಳಿದಳು, ಕೈ ಚಾಚಿದಳು, ನಡುಗೆರೆ ಇನ್ನೇನು ಒಂದು ಗೇಣು... ನನ್ನ ಶಕ್ತಿ ಮುಗಿಯಿತು. ಟೀವಿ ಆರಿತು.

“ಗೆರಿ ಮುಟ್ಟಿದ್ಲೋ ಇಲ್ಲೋ?” ಓಣಿ ಕೂಗಿತು.

“ಮುಟ್ಟ್ಯಾಳ! ನಾ ಕಣ್ಣಾರೆ ನೋಡೀನಿ, ಮುಟ್ಟ್ಯಾಳ!” ಮಹಾನಂದಾ ಕತ್ತಲಲ್ಲೇ ಕೂಗಿದಳು.

ಅಷ್ಟರಲ್ಲಿ ಯಾರದೋ ಮೊಬೈಲಿಗೆ ಸುದ್ದಿ ಬಂತು: ಮುಟ್ಟಿದ್ದು ನಿಜ, ಅವಳ ತಂಡ ಗೆದ್ದದ್ದೂ ನಿಜ.

ಅಂಥ ಎಷ್ಟೋ ಸಂಜೆ ಪೂರ್ತಿ ಬರಿದಾಗಿ ನನ್ನ ಆಯುಷ್ಯ ಬೇಗ ತೀರಿತು. ಈಗ ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಬೇಜಾರಿಲ್ಲ. ಆ ಸಂಜೆ ಎಲ್ಲರೂ ಕುಣಿಯುತ್ತ ಬೀದಿಗೆ ಹೋದ ಮೇಲೆ ಮಹಾನಂದಾ ತಡವರಿಸುತ್ತ ನನ್ನ ಹತ್ತಿರ ಬಂದಿದ್ದಳು. ಕಾದ ನನ್ನ ಮೈಮೇಲೆ ಕೈಯಿಟ್ಟು ಅಳುತ್ತ ಅಂದಳು:

“ನನ್ನ ಮಗಳು ಹಿಂಗ ಆಡ್ತಾಳಂತ ನನಗ ಗೊತ್ತ ಇರ್ಲಿಲ್ಲೋ ಯಪ್ಪಾ.”