ಕಾಲು ಭಾಗಕ್ಕೆ ಬಣ್ಣ ಹಚ್ಚಿ

ಬಟಾಣಿ ಬಿಡಿಸುತ್ತಿದ್ದ ಕೈ ಅಲ್ಲಿಗೇ ನಿಂತಿತು. ಹೊಲಿಗೆ ಮೇಡಂ ಪ್ರತಿ ಸೋಮವಾರ ಸಂಜೆ ನೋಡುವ ಪುಟ, ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ತೆರೆದಿತ್ತು. ವಾರಕ್ಕೊಂದರಂತೆ ಬರುತ್ತಿದ್ದ ಲೆಕ್ಕದ ಹಾಳೆ ಈ ವಾರ ಬಂದಿರಲಿಲ್ಲ. ಅದರ ಜಾಗದಲ್ಲಿ ನಾಲ್ಕು ಸಾಲು ಬರೆದಿತ್ತು.

"ಈ ಹಾಳೆಗಳು ಯಾರಿಗೂ ಬೇಕಾದಂತೆ ಕಾಣುವುದಿಲ್ಲ. ಶುಕ್ರವಾರ ಪುಟ ಮುಚ್ಚುತ್ತೇನೆ. ಯಾರಾದರೂ ತರಗತಿಯಲ್ಲಿ ಬಳಸಿದ್ದರೆ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಹೊಗಳಿಕೆ ಬೇಡ."

ಮೇಡಂ ಆ ಸಾಲುಗಳನ್ನು ಇನ್ನೊಮ್ಮೆ ಓದಿದರು. ಭಿನ್ನರಾಶಿ ಕೂಡುವುದು, ಕಳೆಯುವುದು, ಗುಣಿಸುವುದು ಹೇಗೋ ದಡ ಸೇರಿತ್ತು. ಭಾಗಾಕಾರ ಇನ್ನೂ ಬಾಕಿ. ಆ ಹಾಳೆ ಬಾರದೆ ಹೋದರೆ ಮೂವತ್ತೊಂದು ಮಕ್ಕಳೆದುರು ಮತ್ತೆ ಬರಿಗೈಯಲ್ಲಿ ನಿಲ್ಲಬೇಕು.

ಇಪ್ಪತ್ತಾರು ವರ್ಷ ಆ ಶಾಲೆಯಲ್ಲಿ ಅವರು ಕಲಿಸಿದ್ದು ಹೊಲಿಗೆಯೊಂದೇ. ಲೆಕ್ಕದ ಟೀಚರ್ ಹೆರಿಗೆ ರಜೆಗೆ ಹೋದಾಗ ಮುಖ್ಯೋಪಾಧ್ಯಾಯಿನಿ, ಟೇಪು ಹಿಡಿಯುವ ಕೈಗೆ ಲೆಕ್ಕ ಏನು ಮಹಾ ಎಂದು ಐದನೇ ತರಗತಿಯನ್ನು ಇವರ ತಲೆಗೆ ಕಟ್ಟಿದ್ದರು. ಮೊದಲ ವಾರವೇ ಮೇಡಂ ಬೋರ್ಡಿನ ಮೇಲೆ ಅರ್ಧಕ್ಕೆ ಕಾಲು ಕೂಡಿಸಲು ಹೋಗಿ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ, ಆರರಲ್ಲಿ ಎರಡು ಎಂದು ಬರೆದುಬಿಟ್ಟರು. ಮಕ್ಕಳು ಹಾಗೆಯೇ ಇಳಿಸಿಕೊಂಡವು. ಅರ್ಧ ಇಂಚಿಗೆ ಕಾಲಿಂಚು ಸೇರಿದರೆ ಮುಕ್ಕಾಲಿಂಚು ಎಂದು ಅವರ ಕೈಗೆ ಹುಡುಗಿಯಾಗಿದ್ದಾಗಿನಿಂದಲೇ ಗೊತ್ತು. ಕೈಗೆ ಗೊತ್ತಿದ್ದದ್ದನ್ನು ಬೋರ್ಡಿನ ಮುಂದೆ ತಲೆ ಕೇಳಲಿಲ್ಲ, ಅಷ್ಟೆ.

ಏನೋ ಸರಿಯಿಲ್ಲ ಎನ್ನಿಸಿ, ಆ ಸಂಜೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂತರ್ಜಾಲದಲ್ಲಿ ಹುಡುಕಿದರು. ಒಂದು ವಿಡಿಯೋದಲ್ಲಿ ಟೈ ಕಟ್ಟಿದವನೊಬ್ಬ ರೈಲಿನ ವೇಗದಲ್ಲಿ ಮಾತಾಡಿದ. ಇನ್ನೊಂದರಲ್ಲಿ ಅಂಕಿಗಳು ಕುಣಿದವೇ ಹೊರತು ಏನನ್ನೂ ಹೇಳಲಿಲ್ಲ. ಕೊನೆಗೆ ಸಿಕ್ಕಿದ್ದು ನಿವೃತ್ತ ಮೇಷ್ಟ್ರೊಬ್ಬರ ಪುಟ. ಕೈಯಲ್ಲಿ ಬರೆದು, ಸೊಟ್ಟಗೆ ಫೋಟೋ ಹಿಡಿದು ಹಾಕಿದ ಹಾಳೆಗಳು. ಮೊದಲ ಹಾಳೆಯ ಅಡಿಯಲ್ಲಿ ಒಂದು ಪ್ರಶ್ನೆ: "ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಚಿಕ್ಕದಾದೀತೆ?"

ಮೇಡಂ ಕಾಗದ ಮಡಿಸಿ ನೋಡಿದರು. ಆರರಲ್ಲಿ ಎರಡು ಅರ್ಧಕ್ಕಿಂತ ಚಿಕ್ಕದೇ. ಮಾರನೆಯ ದಿನ ನೋಟ್‌ಬುಕ್ಕಿನ ಆ ಪುಟವನ್ನು ಹೊಡೆದುಹಾಕಿ ಹೊಸದಾಗಿ ಬರೆಯಿರಿ ಎಂದು ಮಕ್ಕಳಿಗೆ ಹೇಳಿದರು, ಏಕೆಂದು ಹೇಳಲಿಲ್ಲ. ಅಂದಿನಿಂದ ಮೇಷ್ಟ್ರಿಗೊಂದು ಕಾಗದ ಬರೆಯಬೇಕೆಂದು ಫೋನಿನಲ್ಲೇ ಶುರುಮಾಡಿ, ಮೂರು ತಿಂಗಳು ಮೀನಮೇಷ ಎಣಿಸಿದ್ದರು.

ಈಗ ಸೊಸೆ ಆ ಕರಡನ್ನು ಓದಿದಳು. ತಮ್ಮ ಅಮೂಲ್ಯ ಸೇವೆ, ಶಿಕ್ಷಕ ವೃಂದದ ಪರವಾಗಿ, ಚಿರಋಣಿ.

"ಅತ್ತೆ, ಇದು ಬೀಳ್ಕೊಡುಗೆ ಭಾಷಣ. ಅವರು ಹೊರಟೆ ಅಂತಿದ್ದಾರೆ, ನೀವು ಹೂಂ, ಹೋಗಿ ಬನ್ನಿ ಅಂತಿದ್ದೀರಿ."

"ನಡೆದದ್ದು ಬರೆದರೆ ನನ್ನ ಮಾನ ಉಳಿಯುತ್ತಾ?"

"ಅವರಿಗೆ ನಿಮ್ಮ ಮುಖ ಗೊತ್ತಾ?"

"ನನಗೆ ಗೊತ್ತಲ್ಲ," ಎಂದು ಮೇಡಂ ಬಟಾಣಿಯ ಬುಟ್ಟಿ ಎಳೆದುಕೊಂಡರು.

ಬುಧವಾರ ತರಗತಿಯಲ್ಲಿ ಹಿಂದಿನ ವಾರದ ಹಾಳೆ ಹಂಚಿದರು. ಹಳೆಯ ಪಾಠ ನೆನಪಿಸಲೆಂದು ಮೇಷ್ಟ್ರು ಚೌಕಳಿಯ ಮೇಲೆ ಒಂದು ಮೇಜಿನ ಚಿತ್ರ ಬರೆದು, ಕೆಳಗೆ "ಕಾಲು ಭಾಗಕ್ಕೆ ಬಣ್ಣ ಹಚ್ಚಿ" ಎಂದಿದ್ದರು. ಹಾಳೆಗಳು ವಾಪಸು ಬಂದಾಗ ಮೇಡಂ ಕನ್ನಡಕ ಒರೆಸಿಕೊಂಡು ನೋಡಿದರು. ಹತ್ತೊಂಬತ್ತು ಮಕ್ಕಳು ಮೇಜಿನ ಕಾಲಿಗೆ ಬಣ್ಣ ಹಚ್ಚಿದ್ದರು. ಒಬ್ಬ ನಾಲ್ಕೂ ಕಾಲಿಗೆ ಹಚ್ಚಿದ್ದ. ಯಾವ ಕಾಲು ಅಂತ ಹಾಳೆಯಲ್ಲಿ ಹೇಳಿಲ್ಲವಲ್ಲ ಎಂಬುದು ಅವನ ವಾದ. ತರಗತಿಯೆಲ್ಲ ಚೂಟಿ ಎಂದು ಕರೆಯುವ ಹುಡುಗಿ ಎದ್ದು ನಿಂತಳು.

"ಮೇಡಂ, ನಮ್ಮನೆ ಮುಕ್ಕಾಲಿಗೆ ಮೂರೇ ಕಾಲು. ಅದು ಪೂರ್ತಿನಾ, ಮುಕ್ಕಾಲಾ?"

ಮೇಡಂಗೆ ನಗು ತಡೆಯಲಾಗಲಿಲ್ಲ. ಇಡೀ ತರಗತಿ ನಕ್ಕಿತು. ನಗು ಇಳಿದ ಮೇಲೆ ಅವರು, ತಪ್ಪು ನಿಮ್ಮದಲ್ಲ, ಈ ಚಿತ್ರಕ್ಕೆ ಆ ಮಾತು ಹಾಕಬಾರದಿತ್ತು, ಮೇಷ್ಟ್ರು ಅಲ್ಲಿ ಎಡವಿದ್ದಾರೆ ಎಂದರು.

"ಮೇಷ್ಟ್ರೂ ತಪ್ಪು ಮಾಡ್ತಾರಾ?" ಚೂಟಿ ಕೇಳಿದಳು.

ಹೌದು ಎಂದು ಹೇಳಿ ಮುಗಿಸಬಹುದಿತ್ತು. ಕಾಣದ ಮನುಷ್ಯನ ತಲೆಗೆ ಕಟ್ಟಿ ಕೈ ತೊಳೆದುಕೊಂಡರೆ ಕೇಳುವವರು ಯಾರು. ಮೇಡಂ ಸೀಮೆಸುಣ್ಣ ತೆಗೆದುಕೊಂಡು ಅರ್ಧ, ಕಾಲು, ಆರರಲ್ಲಿ ಎರಡು ಎಂದು ಬೋರ್ಡಿನ ಮೇಲೆ ಬರೆದರು.

"ನೀವು ಹೊಡೆದುಹಾಕಿದ ಪುಟ ನೆನಪಿದೆಯಾ? ಅದು ನನ್ನ ತಪ್ಪು. ನನಗೆ ಬರ್ತಿರಲಿಲ್ಲ. ಆಮೇಲೆ ಕಲಿತೆ."

ಯಾರೂ ನಗಲಿಲ್ಲ. ಎಲ್ಲಿ ತಪ್ಪಿದೆ, ಯಾರು ಹೇಳ್ತೀರಿ ಎಂದಾಗ ಹದಿನಾಲ್ಕು ಕೈ ಮೇಲೆದ್ದವು. ಅಷ್ಟು ಕೈಗಳನ್ನು ಆ ಕೋಣೆಯಲ್ಲಿ ಮೇಡಂ ಒಟ್ಟಿಗೆ ನೋಡಿರಲಿಲ್ಲ. ಮಕ್ಕಳು ಇದನ್ನು ಮನೆಯಲ್ಲಿ ಹೇಳುತ್ತವೆ, ಮಾತು ಮುಖ್ಯೋಪಾಧ್ಯಾಯಿನಿಯ ಕಿವಿಗೂ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಬಿದ್ದರೆ ಬೀಳಲಿ ಎಂದುಕೊಂಡರು.

ಗುರುವಾರ ಸಂಜೆ ಕರಡು ತೆರೆದು ಅಮೂಲ್ಯ ಸೇವೆಯನ್ನು ಅಳಿಸಿದರು, ವೃಂದವನ್ನು ಅಳಿಸಿದರು. ಒಂದೊಂದೇ ಅಕ್ಷರ ಒತ್ತಿ ಬರೆದರು.

"ಮೇಷ್ಟ್ರೇ, ನಾನು ಹೊಲಿಗೆ ಕಲಿಸುವವಳು. ಅರ್ಧಕ್ಕೆ ಕಾಲು ಕೂಡಿಸಿ ಆರರಲ್ಲಿ ಎರಡು ಎಂದು ಮಕ್ಕಳಿಗೆ ಬರೆಸಿದ್ದೆ. ತಪ್ಪೆಂದು ನಿಮ್ಮ ಮೊದಲ ಹಾಳೆಯಿಂದ ತಿಳಿಯಿತು. ಇದುವರೆಗೆ ಹನ್ನೆರಡು ಹಾಳೆ ಮಾಡಿಸಿದ್ದೇನೆ. ಹನ್ನೆರಡನೆಯದರಲ್ಲಿ ಹತ್ತೊಂಬತ್ತು ಮಕ್ಕಳು ಮೇಜಿನ ಕಾಲಿಗೆ ಬಣ್ಣ ಹಚ್ಚಿದರು. ಫೋಟೋ ಇಟ್ಟಿದ್ದೇನೆ, ನೋಡಿ. ಮುಂದಿನ ಸಲ ಮೇಜಿನ ಬದಲು ಬಟ್ಟೆ ಬರೆಯಿರಿ. ಭಾಗಾಕಾರದ ಹಾಳೆ ಇನ್ನೂ ಬಂದಿಲ್ಲ. ಅದು ನನಗೂ ಬರುವುದಿಲ್ಲ. ಕಾಯುತ್ತಿದ್ದೇನೆ."

ಕಾಗುಣಿತ ನೋಡಿಕೊಡಲೇ ಎಂದು ಸೊಸೆ ಕೈ ಚಾಚಿದಳು. ಬೇಡ, ತಪ್ಪಿದ್ದರೆ ಅವರೇ ತಿದ್ದಲಿ, ಮೇಷ್ಟ್ರಲ್ಲವೇ ಎಂದು ಮೇಡಂ ಕಳಿಸುವ ಗುಂಡಿ ಒತ್ತಿದರು. ಫೋಟೋಗಳು ಭಾರವಾಗಿದ್ದವು, ಪರದೆಯ ಮೇಲಿನ ಗೆರೆ ನಿಧಾನವಾಗಿ ತುಂಬುತ್ತ ಹೋಯಿತು. ಅದು ಪೂರ್ತಿ ತುಂಬಿ, ಕಾಗದ ಹೋಯಿತು ಎಂದು ಕಾಣುವವರೆಗೂ ಅವರು ಫೋನನ್ನು ಕೆಳಗಿಡಲಿಲ್ಲ.