ಮೂರು ಫ್ಯಾನಿನ ಕಾರ್ಡು

“ಇದನ್ನ ಒಬ್ಬ ಹೆಂಗಸು ಮಾತ್ರ ಬಳಸಿದ್ದು ಅಣ್ಣಾ. ಇಸ್ಪೀಟ್ ಆಟ ಬಿಟ್ಟು ಬೇರೇನೂ ಆಡಿಲ್ಲ.”

ಅಂಗಡಿಯವನು ಗ್ರಾಫಿಕ್ಸ್ ಕಾರ್ಡನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ಟೋಕ್ತಾರ್ ಅದನ್ನು ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದ. ಸುಟ್ಟ ಎಣ್ಣೆಯ ವಾಸನೆ ಬಂತು.

“ಆ ಹೆಂಗಸು ಇದರ ಮೇಲೆ ಬೌರ್ಸಾಕ್ ಕರಿದಳಾ?”

ಕರಗಂಡಿ ಪಟ್ಟಣದ ಬಜಾರಿನ ನೆಲಮಾಳಿಗೆಯಲ್ಲಿ ಇದು ಎಷ್ಟನೆಯ ಅಂಗಡಿಯೋ, ಅವನಿಗೆ ಲೆಕ್ಕ ತಪ್ಪಿತ್ತು. ಎಲ್ಲ ಕಡೆಯೂ ಅದೇ ಹೆಂಗಸು, ಅದೇ ಇಸ್ಪೀಟು. ಊರಿನ ಹೆಂಗಸರೆಲ್ಲ ಕೂತು ಇಸ್ಪೀಟೇ ಆಡಿದ್ದರೆ ಮನೆಗಳಲ್ಲಿ ಒಲೆ ಹತ್ತಿಸಿದವರು ಯಾರು? ಡಿಜಿಟಲ್ ನಾಣ್ಯ ತೋಡುವ ಶೆಡ್ಡುಗಳಲ್ಲಿ ಹಗಲು ರಾತ್ರಿ ಬೆಂದು ಸತ್ತ ಕಾರ್ಡುಗಳನ್ನು ಬ್ರಷ್ಷಿನಲ್ಲಿ ಉಜ್ಜಿ ತಂದು ಇಟ್ಟಿದ್ದಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮಾರುವವನಿಗೂ ಗೊತ್ತಿತ್ತು, ಕೊಳ್ಳುವವನಿಗೂ ಗೊತ್ತಿತ್ತು. ಆದರೂ ಈ ನಾಟಕ ನಡೆಯಲೇಬೇಕು.

“ಹಳೇದು ಬೇಡ ಮಾವ,” ಎಂದ ಸಂಜಾರ್. ಅವನು ಟೋಕ್ತಾರನ ತಂಗಿಯ ಮಗ. ಮದುವೆಗಳ ವಿಡಿಯೋ ತೆಗೆದು ಬದುಕುವವನು. ಕಂಪ್ಯೂಟರ್ ಬಲ್ಲವನು ಮನೆತನದಲ್ಲಿ ಅವನೊಬ್ಬನೇ ಎಂದು ಟೋಕ್ತಾರ್ ಜೊತೆಗೆ ಕರೆತಂದಿದ್ದ. “ಹೊಸದು ತಗೋ. ಅದೋ, ಆ ಮೂರು ಫ್ಯಾನಿಂದು.”

“ನಾನು ಓಡಿಸಬೇಕಾಗಿರೋದು ಲಾರಿ. ರಾಕೆಟ್ ಅಲ್ಲ. ಈ ಒಂದು ಫ್ಯಾನಿಂದು ಸಾಕು.”

“ಸಾಕು ಅಂದ್ರೆ ಸಾಕು. ಚಪ್ಪಲಿ ಹಾಕ್ಕೊಂಡು ಹಿಮದಲ್ಲಿ ನಡೆದರೂ ನಡೆಯುತ್ತೆ.”

ಟೋಕ್ತಾರ್ ನಾಲಿಗೆ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡ. ಸಿಟ್ಟು ಮಾಡಿಕೊಳ್ಳಬಾರದು ಎಂದು ವೈದ್ಯರು ಹೇಳಿದ್ದರು. ಆ ಮಾತು ನೆನಪಾದಾಗೆಲ್ಲ ಅವನಿಗೆ ಇನ್ನೂ ಸಿಟ್ಟು ಬರುತ್ತಿತ್ತು.

ವಯಸ್ಸಿಗೆ ಬಂದಾಗಿನಿಂದ ಅವನು ಮರವಾಗಲಿ ಮನೆಯಾಗಲಿ ಇಲ್ಲದ ಬಯಲು ಸೀಳಿ ಹೋಗುವ ಬಲ್ಖಾಶ್ ರಸ್ತೆಯಲ್ಲಿ ಲಾರಿ ಓಡಿಸಿದ್ದ. ಹೋದ ಶರತ್ಕಾಲದಲ್ಲಿ ಹೃದಯಾಘಾತವಾಗಿ ಲೈಸೆನ್ಸು ಹೋಯಿತು. ಬೀಳ್ಕೊಡುವಾಗ ಡಿಪೋದ ಗೆಳೆಯರು ಕಂಪ್ಯೂಟರಿಗೆ ಜೋಡಿಸುವ ಸ್ಟೀರಿಂಗೊಂದನ್ನು ಕೊಟ್ಟರು. ಕಾಲಡಿಗೆ ಬ್ರೇಕೂ ಇತ್ತು, ಕ್ಲಚ್ಚೂ ಇತ್ತು. ಗೇಲಿ ಮಾಡುತ್ತಿದ್ದಾರೆ ಎಂದು ಅವನು ಅದನ್ನು ಬೀರುವಿನ ಹಿಂದೆ ಎಸೆದಿದ್ದ. ಆಮೇಲೆ ಮನೆಯಲ್ಲಿ ಕೂತು ಕೆಟಲಿನ ಮೇಲೆ, ಟಿವಿಯ ಮೇಲೆ, ಮೇಲಿನ ಮನೆಯವರ ನಾಯಿಯ ಮೇಲೆ ಜಗಳ ತೆಗೆಯಲು ಶುರುಮಾಡಿದ. ಕೊನೆಗೆ ಹೆಂಡತಿ ಬಾತಿಮಾ ಆ ಸ್ಟೀರಿಂಗನ್ನು ಎಳೆದು ತಂದು ಮೇಜಿನ ಮೇಲೆ ಕುಕ್ಕಿದಳು. “ಏನಾದ್ರೂ ಓಡಿಸು. ಇಲ್ಲಾಂದ್ರೆ ಇಡೀ ಚಳಿಗಾಲ ನನ್ನ ತಲೆ ಮೇಲೇ ಓಡಿಸ್ತೀಯ.”

ಚಳಿಗಾಲ ಮುಗಿಯುವಷ್ಟರಲ್ಲಿ ಅವನು ಒಂದೊಂದೇ ಭಾಗ ತಂದು, ಒಂದೊಂದಕ್ಕೂ ಶಾಪ ಹಾಕುತ್ತ, ಕಂಪ್ಯೂಟರಿನ ಡಬ್ಬ ಜೋಡಿಸಿದ್ದ. ಉಳಿದಿದ್ದು ಕಾರ್ಡು ಮಾತ್ರ.

“ಮಾವ, ಒಂದು ಕೇಳ್ತೀನಿ,” ಸಂಜಾರ್ ದನಿ ತಗ್ಗಿಸಿದ. “ಬಿರುಗಾಳಿಯಲ್ಲಿ ಹಿಮ ಅಡ್ಡಡ್ಡ ಹಾರುವಾಗ ಲಾರಿ ದೀಪದ ಮುಂದೆ ಹೆಂಗೆ ಕಾಣುತ್ತೆ?”

“ನನ್ನನ್ನ ಕೇಳ್ತೀಯಾ?”

“ಈ ಸಣ್ಣ ಕಾರ್ಡಲ್ಲಿ ಅದು ಕಾಣಲ್ಲ. ಬೂದು ಬಟ್ಟೆ ನೇತುಹಾಕಿದ ಹಾಗೆ ಇರುತ್ತೆ. ಅದರಲ್ಲಿ ಕಾಣುತ್ತೆ.”

ಟೋಕ್ತಾರ್ ಮೂರು ಫ್ಯಾನಿನ ಪೆಟ್ಟಿಗೆಯನ್ನು ನೋಡಿದ. ಮತ್ತೆ ಸಣ್ಣದನ್ನು ನೋಡಿದ. “ಹಾಳಾಗಿ ಹೋಗು,” ಎಂದು ಸಂಜಾರನಿಗೋ ಕಾರ್ಡಿಗೋ ಹೇಳಿ, ದೊಡ್ಡದನ್ನೇ ಕಂಕುಳಲ್ಲಿ ಇಟ್ಟುಕೊಂಡ.

ಮನೆಯಲ್ಲಿ ಅವನ ತಾಯಿ ಕಾಯುತ್ತಿದ್ದಳು. ಎಂಬತ್ತು ದಾಟಿದ ಮುದುಕಿ. ಹೊಸ ವಸ್ತು ಬಂತೆಂದು ಸೊಸೆ ಬಂದಾಗ ಎರಚುವ ಹಾಗೆ ಬೊಗಸೆ ಮಿಠಾಯಿ ಎರಚಿದಳು. ಒಂದು ಮಿಠಾಯಿ ಫ್ಯಾನಿನ ಸಂದಿಗೆ ಸಿಕ್ಕಿಕೊಂಡಿತು. ಟೋಕ್ತಾರ್ ಬಾತಿಮಾಳ ಹುಬ್ಬಿನ ಚಿಮಟ ತಂದು, ಹಲ್ಲು ಕಡಿಯುತ್ತ ಅದನ್ನು ಹೊರಗೆಳೆದ.

ಸಂಜೆಗೆ ಎಲ್ಲ ಸಿದ್ಧವಾಯಿತು. ಲಾರಿ ಆಟ ಶುರುವಾಗಿ ತೆರೆಯ ಮೇಲೆ ಒದ್ದೆ ರಸ್ತೆ ಬಂತು. ಇಕ್ಕೆಲಗಳಲ್ಲೂ ಫರ್ ಮರಗಳು, ಕೆಂಪು ಹೆಂಚಿನ ಮನೆಗಳು, ಎದುರಿನ ಗಾಡಿಯ ಬೆಳಕಿನಲ್ಲಿ ಚದುರುವ ಮಂಜು. ಟೋಕ್ತಾರ್ ಗೇರು ಹಾಕಿ ಒಂದು ತಿರುವು ದಾಟಿದ, ಇನ್ನೊಂದು ದಾಟಿದ. ಬೈಯಲು ಏನೂ ಸಿಗಲಿಲ್ಲ. ಬಾತಿಮಾ ಅಡುಗೆಮನೆಯಿಂದ ಇಣುಕಿ, ಇಷ್ಟು ನಿಶ್ಶಬ್ದ ಯಾಕೆ ಎಂದು ನೋಡಿ ಹೋದಳು.

ಚಹಾಕ್ಕೆ ಕೂತಾಗ ಸಂಜಾರ್ ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡ.

“ಮಾವ, ನನ್ನದು ಇನ್ನೊಂದು ಬಾಕಿ ಇದೆ.”

“ಏನು ಬಾಕಿ?”

“ತಂಗಿ ಮಗ ತಾಯಿ ತವರಲ್ಲಿ ಮೂರು ಸಲ ಏನು ಕೇಳಿದ್ರೂ ಕೊಡಬೇಕು, ಅದು ಪದ್ಧತಿ. ಚಿಕ್ಕವನಿದ್ದಾಗ ಕುದುರೆ ಮರಿ ತಗೊಂಡೆ. ಆಮೇಲೆ ತಾತನ ಕೋವಿ ತಗೊಂಡೆ.” ಅವನು ಮೇಜುಬಟ್ಟೆಯ ಅಂಚನ್ನು ಸರಿಮಾಡಿದ. “ಈಗ ಆ ಕಾರ್ಡು ಬೇಕು.”

ಟೋಕ್ತಾರನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾಯಿತು.

“ಬೆಳಿಗ್ಗೆಯಿಂದ ಮೂರು ಫ್ಯಾನು ಮೂರು ಫ್ಯಾನು ಅಂತ ಪ್ರಾಣ ತಿಂದೆಯಲ್ಲ. ನಿನಗೋಸ್ಕರ ನೀನೇ ಆರಿಸ್ತಿದ್ದೆ.”

“ಹಂಗಲ್ಲ ಮಾವ. ನಂದು ಸುಟ್ಟುಹೋಯ್ತು. ಮದುವೆಗಳು ಮುಗಿದು ತಿಂಗಳಾಯ್ತು, ವಿಡಿಯೋ ಕೊಟ್ಟಿಲ್ಲ. ನಿನ್ನೆ ಮದುಮಗಳ ಅಪ್ಪ ಮನೆ ಬಾಗಿಲಿಗೆ ಬಂದಿದ್ದ. ನೀನು ಸಣ್ಣದು ತಗೊಂಡಿದ್ರೆ ನಾನು ಕೇಳ್ತಾನೇ ಇರಲಿಲ್ಲ.”

“ಸಣ್ಣದು ತಗೊಳ್ಳೋಕೆ ನೀನು ಬಿಟ್ಟೆಯೇನೋ ಕಳ್ಳ?”

“ಕೊಟ್ಟುಬಿಡು,” ಎಂದಳು ಮುದುಕಿ, ಕರಿದ ಬೌರ್ಸಾಕ್ ಉಂಡೆಯನ್ನು ಚಹಾದಲ್ಲಿ ಅದ್ದುತ್ತ.

“ಅಮ್ಮಾ, ಆ ಪದ್ಧತಿ ಇರೋದು ಕುದುರೆಗೆ, ಕುರಿಗೆ. ಕಂಪ್ಯೂಟರ್ ಕಾರ್ಡಿಗಲ್ಲ.”

“ಕಾರ್ಡಿಗಲ್ಲ ಅಂತ ಯಾರು ಹೇಳಿದ್ದಾರೆ?”

“ನಿಮ್ಮ ಕಾಲದಲ್ಲಿ ಕಾರ್ಡು ಎಲ್ಲಿತ್ತು ಹೇಳೋಕೆ?”

“ನನ್ನ ಅಣ್ಣತಮ್ಮಂದಿರ ಹಟ್ಟಿಯಿಂದ ನೀನು ಒಂಟೆ ಹೊಡಕೊಂಡು ಬಂದೆಯಲ್ಲ. ಅವರು ನನ್ನನ್ನ ಕೇಳಿದ್ರಾ, ಒಂಟೆಗೆ ಅನ್ವಯಿಸುತ್ತಾ ಅಂತ? ಕೊಟ್ಟರು.”

ಟೋಕ್ತಾರ್ ಎದ್ದು ನಿಂತ. ಕೈ ತಾನಾಗಿ ಮೇಲಕ್ಕೆ ಹೋಗಿತ್ತು. ಸಂಜಾರ್ ತಪ್ಪಿಸಿಕೊಳ್ಳಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ಅದು ಇನ್ನೂ ರೇಗಿಸಿತು.

“ತಂಗಿ ಮಗನಿಗೆ ಹೊಡೆದರೆ ಕೈ ನಡುಕ ಹಿಡಿಯುತ್ತೆ,” ಎಂದಳು ಮುದುಕಿ.

“ಹೊಡೆಯೋಕೆ ಮುಂಚೆಯೇ ಹಿಡಿದಿದೆ, ನೋಡು.”

ಸ್ಕ್ರೂಡ್ರೈವರನ್ನು ಅವನು ಸಂಜಾರನ ಕೈಗೆ ಕೊಡಲಿಲ್ಲ. ತಾನೇ ಡಬ್ಬದ ಮುಂದೆ ಮೊಣಕಾಲೂರಿ ಸ್ಕ್ರೂ ಬಿಚ್ಚಿದ. ಕಾರ್ಡನ್ನು ಅದರ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಹೊಸ್ತಿಲ ಹತ್ತಿರ ಇಟ್ಟು ಬಂದ.

“ತಗೊಂಡು ಹೋಗು. ಮೂರೂ ಮುಗೀತು. ಇನ್ನು ಈ ಮನೆಗೆ ಬಂದ್ರೆ ಚಹಾ ಕುಡಿ. ಕಣ್ಣು ಮುಚ್ಚಿಕೊಂಡು ಕುಡಿ.”

ಸಂಜಾರ್ ಬೂಟಿನ ದಾರ ಕಟ್ಟಲು ಬಹಳ ಹೊತ್ತು ತೆಗೆದುಕೊಂಡ. ಬಾಗಿಲಲ್ಲಿ ನಿಂತು, “ಮಾವ, ಕಾರ್ಡಿಲ್ಲದೆಯೂ ಆಟ ನಡೆಯುತ್ತೆ. ಟಿವಿ ತಂತಿ ಡಬ್ಬದ ಹಿಂದಿನ ಆ ಮೇಲಿನ ತೂತಿಗೆ ಹಾಕು. ಆಟದ ಸೆಟ್ಟಿಂಗ್ ಎಲ್ಲವನ್ನೂ ಕಮ್ಮಿಗೆ ಇಡು. ಮರ ಇರಲ್ಲ, ಮನೆ ಇರಲ್ಲ ಅಷ್ಟೆ,” ಎಂದ.

“ಹೋಗ್ತೀಯೋ ಇಲ್ವೋ?”

ಬಾಗಿಲು ಮುಚ್ಚಿತು. ಮುದುಕಿ ತನ್ನ ಕೋಣೆಗೆ ಹೋದಳು. ಟೋಕ್ತಾರ್ ಕಪ್ಪು ತೆರೆಯ ಮುಂದೆ ಕೂತು, ತಂಗಿಯನ್ನು ಆ ಮನೆಗೆ ಕೊಟ್ಟ ದಿನದಿಂದ ಹಿಡಿದು ಒಂದೊಂದನ್ನೂ ಬೈದ. ಬೈಗುಳ ಮುಗಿದ ಮೇಲೆ, ಈ ಹುಡುಗ ಹೇಳಿದ ಈ ಮಾತೂ ಸುಳ್ಳೇ ಎಂದು ತೋರಿಸಿಬಿಡೋಣ ಎಂದು ತಂತಿಯನ್ನು ಮೇಲಿನ ತೂತಿಗೆ ಚುಚ್ಚಿ, ಎಲ್ಲವನ್ನೂ ಕಮ್ಮಿಗೆ ಇಟ್ಟ.

ಚಿತ್ರ ಬಂತು. ತಡೆತಡೆದು, ತೊದಲುತ್ತ ಬಂತು. ಫರ್ ಮರಗಳಿರಲಿಲ್ಲ. ಹೆಂಚಿನ ಮನೆಗಳಿರಲಿಲ್ಲ. ಹುಲ್ಲೂ ಇರಲಿಲ್ಲ. ಕಣ್ಣು ಹೋದಷ್ಟು ದೂರ ಸಪಾಟು ಕಂದು ನೆಲ, ಅದರ ಮೇಲೆ ಒಂದು ಬೂದು ರಸ್ತೆ, ಆಚೆ ಬರೀ ಆಕಾಶ.

ಟೋಕ್ತಾರ್ ಮುಂದಕ್ಕೆ ಬಾಗಿದ. ಬೆನ್ನಿನ ಹಿಂದಿನ ದಿಂಬನ್ನು ಸರಿಮಾಡಿಕೊಂಡು ಕ್ಲಚ್ ಒತ್ತಿದ.

ಬಾತಿಮಾ ಚಹಾ ಹಿಡಿದು ಬಂದವಳು ಅಲ್ಲೇ ನಿಂತಳು.

“ಇದು ಎಲ್ಲಿ?”

“ಯಾವುದೋ ಜರ್ಮನಿ ಅಂತೆ.”

“ಜರ್ಮನಿ ಹಿಂಗಿರುತ್ತಾ?”

“ನನಗೇನು ಗೊತ್ತು. ಸಂದಿ ಬಿಟ್ಟು ನಿಲ್ಲು, ಗೇರು ಹಾಕಬೇಕು.”

ಲಾರಿ ಒಮ್ಮೆ ಎಗರಿ ನಿಂತು ಮತ್ತೆ ಹೊರಟಿತು. ಬಾತಿಮಾ ಒಂದು ಮುಕ್ಕಾಲಿಯನ್ನು ಅವನ ಬಲಗಡೆಗೆ ಎಳೆದು ಕೂತಳು. ಅವನ ಬಟ್ಟಲನ್ನು ಮೇಜಿನ ಮೇಲಿಡಲು ಹೋದವಳು, ರಸ್ತೆಯನ್ನು ನೋಡಿ, ಇಡದೆ ಕೈಯಲ್ಲೇ ಹಿಡಿದುಕೊಂಡಳು.