ಬಾಲಿಂಟನ ಬಲಗಾಲು

ಅಳತೆ ಟೇಪಿನ ಮೇಲೆ ಇಬ್ಬನಿ ಕೂತು ಅಂಕಿಗಳು ಊದಿಕೊಂಡಂತೆ ಕಾಣುತ್ತಿವೆ, ಫುಟ್‌ಬಾಲ್ ಕ್ಲಬ್ಬಿನ ಫಿಸಿಯೋಥೆರಪಿಸ್ಟ್ ಸಂಯುಕ್ತಾ ಹೆಬ್ಬೆರಳಿನಿಂದ ಒರೆಸಿದಳು, ನೂರರವತ್ತು ಸೆಂಟಿಮೀಟರ್, ಮತ್ತೆ ಒರೆಸಿದಳು, ನೂರರವತ್ತೇ, ಎಂಟು ತಿಂಗಳ ಹಿಂದೆ ಮಂಡಿ ಕೊಯ್ಸಿಕೊಂಡ ಈ ಮೂವತ್ತಾರರ ಹಂಗೇರಿಯವನು, ಬಾಲಿಂಟ್, ಅದೇ ಬಲಗಾಲೊಂದರ ಮೇಲೆ ನೆಗೆದು ಅದೇ ಕಾಲಿನ ಮೇಲೆ ಇಳಿದು ಕಂಬದ ಹಾಗೆ ನಿಂತಿದ್ದಾನೆ — ಎಡಗಾಲಿನದು ನೂರೆಪ್ಪತ್ತು, ಲೆಕ್ಕ ಹಾಕಿದರೆ ಎಡಗಾಲಿನ ನೂರಕ್ಕೆ ಬಲಗಾಲು ತೊಂಬತ್ತನಾಲ್ಕು, ತೊಂಬತ್ತು ದಾಟಿದವರು ಆಡಬಹುದು ಅನ್ನುವುದು ಕ್ಲಬ್ಬಿನದೇ ನಿಯಮ, ಮೇಲೆ ಮಂಜಿನೊಳಗೆ ಕಾಣದ ವಿಮಾನವೊಂದು ಗುಡುಗುತ್ತ ಇಳಿಯುತ್ತಿದೆ, ದೆಹಲಿಯ ಈ ವಸಂತ್ ಕುಂಜ್‌ನಲ್ಲಿ ಮಾತು ಹೀಗೇ ಅರ್ಧಕ್ಕೆ ನಿಲ್ಲುತ್ತೆ, ಸದ್ದು ಮುಗಿಯುವವರೆಗೂ ಟೀಮ್ ಮ್ಯಾನೇಜರ್ ಅನೀಶ್ ಅವಳ ಪಕ್ಕದಲ್ಲೇ ಕಾಯುತ್ತ ನಿಂತಿದ್ದ, ಆಮೇಲೆ ಮೆಲ್ಲಗೆ, ಬೇರೆ ಯಾರಿಗೂ ತಿಳಿಯದಿರಲಿ ಅಂತಲೇ ಕನ್ನಡದಲ್ಲಿ ಅಂದ, ಸಂಯುಕ್ತಾ, ಆ ಒಂಬತ್ತನ್ನ ಎಂಟು ಮಾಡಿಬಿಡಿ. ಯಾವ ಒಂಬತ್ತು? ತೊಂಬತ್ತನಾಲ್ಕು ಅಂತ ಬರೀಬೇಡಿ, ಎಂಬತ್ತನಾಲ್ಕು ಅಂತ ಬರೀರಿ, ಒಂದೇ ಒಂದು ಅಂಕಿ, ವಿದೇಶಿ ಆಟಗಾರರ ಜಾಗ ಇರೋದೇ ಇಷ್ಟು, ಇವನು ಖಾಲಿ ಮಾಡಿದ್ರೆ ಇಪ್ಪತ್ತಮೂರರ ಸ್ಟ್ರೈಕರ್ ಒಬ್ಬ ರೆಡಿ ಇದ್ದಾನೆ, ಸುಮ್ಸುಮ್ನೆ ತೆಗೆಯೋಕೆ ಇವನ ಕರಾರು ಬಿಡಲ್ಲ, ಇವನ ಕೈಲಿ ಆಡೋಕಾಗಲ್ಲ ಅಂತ ಫಿಸಿಯೋ ಬರೆದ್ರೆ ದಾರಿ ಸಲೀಸು, ನಿಮ್ಮನ್ನ ಇಲ್ಲಿಗೆ ಸೇರಿಸಿದ್ದು ನಾನೇ ಅಲ್ವಾ, ಅಚ್ಛಾ, ಗೇಟಿನ ಹತ್ರ ಚಹಾ ಕುಡಿದು ಬರ್ತೀನಿ, ಅಷ್ಟರಲ್ಲಿ ಬರೆದಿಡಿ.

ಹೋದ. ಹೌದು, ಸೇರಿಸಿದ್ದು ಅವನೇ, ಕನ್ನಡ ಸಂಘದ ಊಟದ ಸಾಲಿನಲ್ಲಿ ಸಿಕ್ಕಿದವನು, ದಾವಣಗೆರೆಯವರಾ, ಫಿಸಿಯೋನಾ, ನಮ್ಮ ಕ್ಲಬ್ಬಿಗೆ ಬನ್ನಿ ಅಂದವನು, ಅದಕ್ಕೆ ಋಣ ಇದೆ, ಇಲ್ಲ ಅನ್ನಲ್ಲ, ಆದರೆ ಆ ಋಣಕ್ಕೆ ಬೇರೆಯವನ ಕಾಲು ಕೊಡೋದಾ — ಬಾಲಿಂಟ್ ಅಲ್ಲಿ ಹುಲ್ಲಿನ ಮೇಲೆ ಕೂತು ಬೂಟಿನ ದಾರ ಬಿಗಿಯುತ್ತಿದ್ದಾನೆ, ಏನೂ ಗೊತ್ತಿಲ್ಲ ಅವನಿಗೆ, ಆ ಕಾಲಿನ ಒಂದೊಂದು ಗಾಯದ ಕಥೆಯೂ ಅವಳಿಗೆ ಗೊತ್ತು, ಮೊಣಕಾಲಿನ ಕೆಳಗಿನ ಗಂಟು ಹದಿನಾರನೇ ವಯಸ್ಸಿನದು, ಹಂಗೇರಿಯ ತಿಸಾ ನದಿಯ ದಂಡೆಯ ಊರಿನಲ್ಲಿ, ನೀನು ನಿಧಾನ, ನಿನ್ನಿಂದ ಆಗಲ್ಲ ಅಂದ ಕೋಚ್‌ಗೆ ತೋರಿಸಲು ಹಿಮದಲ್ಲಿ ಒಬ್ಬನೇ ಓಡಿ ಬಿದ್ದದ್ದು, ಹತ್ತೊಂಬತ್ತಕ್ಕೆ ಅಲ್ಲಿನ ಒಂದು ಕ್ಲಬ್ಬಿನಲ್ಲಿ ವೃತ್ತಿಪರನಾದ, ಎರಡನೇ ಪಂದ್ಯದಲ್ಲೇ ಚೆಂಡನ್ನು ತನ್ನದೇ ಗೋಲಿಗೆ ಹೊಡೆದುಕೊಂಡ, ಇಡೀ ಸ್ಟೇಡಿಯಂ ಸೀಟಿ ಹಾಕಿತು ಗೊತ್ತಾ, ನಮ್ಮ ಕಡೆ ಸೀಟಿ ಅಂದ್ರೆ ಮೆಚ್ಚುಗೆ ಅಲ್ಲ, ಥೂ ಅಂತ, ಮಾಲೀಶಿನ ಮೇಜಿನ ಮೇಲೆ ಮಲಗಿ ಚಾವಣಿ ನೋಡುತ್ತ ಹೇಳಿದ್ದ, ಆಮೇಲೇನು ಮಾಡಿದೆ? ಮುಂದಿನ ವಾರ ಮೊದಲ ಚೆಂಡು ನನಗೇ ಕೊಡಿ ಅಂದೆ. ಹನ್ನೊಂದು ವರ್ಷ ಡಿಫೆಂಡರ್ ಆಗಿ ಅದೇ ಕ್ಲಬ್ಬಿನ ಹಿಂಬದಿ ಕಾದ, ತಂಡ ಎರಡು ಸಲ ಕೆಳಗಿನ ದರ್ಜೆಗೆ ಬಿತ್ತು, ಅವನು ಬಿಟ್ಟು ಹೋಗಲಿಲ್ಲ, ದೇಶದ ತಂಡದಿಂದ ಒಂದೇ ಒಂದು ಸಲ ಕರೆ ಬಂತು, ತೊಂಬತ್ತು ನಿಮಿಷ ಬೆಂಚಿನ ಮೇಲೆ ಕೂರಿಸಿ ಕಳಿಸಿದರು, ಆವತ್ತು ಕೊಟ್ಟ ಕೆಂಪು ಅಂಗಿ ಅವನ ಅಮ್ಮನ ಬೀರುವಿನಲ್ಲಿದೆ, ಬೆವರೇ ಕಾಣದ ಅಂಗಿ, ಅದೊಂದನ್ನು ಹೇಳುವಾಗ ಮಾತ್ರ ಗೋಡೆ ಕಡೆ ತಿರುಗಿದ್ದ, ಮುಂದೆ ಸೈಪ್ರಸ್, ಅಲ್ಲಿಂದ ದೆಹಲಿ, ಇಂಡಿಯಾಕ್ಕೆ ಹೋಗೋದು ಆಟ ಮುಗಿಸೋಕೆ ಅಂತ ಅವನ ಗೆಳೆಯರೇ ನಕ್ಕರಂತೆ, ಇಲ್ಲಿ ಎರಡು ಸೀಸನ್ನು ಒಂದೂ ಪಂದ್ಯ ತಪ್ಪಿಸಲಿಲ್ಲ, ಅವಳಿಂದ ಒಂದು ಕನ್ನಡ ಪದ ಕಲಿತು ಎದುರಾಳಿಯ ಮುಖಕ್ಕೇ ಕೂಗುತ್ತಿದ್ದ, ಬಿಡಲ್ಲ! ಮೇ ತಿಂಗಳ ಬಿಸಿಲಲ್ಲಿ ಯಾರೋ ಅವನ ಮಂಡಿಯ ಮೇಲೆ ಬಿದ್ದರು, ಒಳಗೆ ಟಪ್ ಅಂದದ್ದು ಗೆರೆಯಾಚೆ ನಿಂತ ಅವಳಿಗೂ ಕೇಳಿಸಿತು, ಕೇಳಿಸಿತೋ, ಕೇಳಿಸಿದ ಹಾಗಾಯಿತೋ, ಆಪರೇಷನ್ ಆಯಿತು, ಅಲ್ಲಿಂದ ದಿನಾ ಬೆಳಿಗ್ಗೆ ಏಳಕ್ಕೆ ವ್ಯಾಯಾಮ, ಮೊದಲ ವಾರ ಹಿಮ್ಮಡಿ ಎತ್ತಲಾಗದೆ ಅವನು ಹಂಗೇರಿಯನ್‌ನಲ್ಲಿ ಬೈಯುತ್ತಿದ್ದ, ಅವಳು ಕನ್ನಡದಲ್ಲಿ, ಎತ್ತೋ ಮಾರಾಯ, ಅಳೋದು ಆಮೇಲೆ, ಮತ್ತೆ ಅವನು ಎತ್ತುತ್ತಿದ್ದ — ಭಾನುವಾರ ಪಂದ್ಯದಲ್ಲಿ ಮಂಡಿಯ ಲಿಗಮೆಂಟ್ ಮತ್ತೆ ಹರಿದರೆ? ಎಂಬತ್ತನಾಲ್ಕು ಅಂತ ಬರೆದರೆ ಕಾಲಾದರೂ ಉಳಿಯುತ್ತಲ್ಲ, ಒಳ್ಳೇದೇ ಅಲ್ವಾ, ಇಲ್ಲ, ಇದು ಅನೀಶನ ಮಾತು, ನನ್ನ ತಲೆಯೊಳಗೆ ಬಂದು ಕೂತಿದೆ, ಹರಿಯೋ ಭಯ ಇಪ್ಪತ್ತಮೂರರವನಿಗೂ ಇದೆ, ನಾನು ಅಳೆದದ್ದು ತೊಂಬತ್ತನಾಲ್ಕು, ಪೆನ್ನು ಚಳಿಗೆ ಕಟ್ಟಿಕೊಂಡಿದೆ, ಬಾಯಿಯ ಹಬೆ ಊದಿ ಬರೆದಳು, ಒಂಬತ್ತು, ನಾಲ್ಕು, ಕೆಳಗೆ ಸಹಿ, ಫೋಟೋ ತೆಗೆದು ಕೋಚ್‌ಗೆ, ಕ್ಲಬ್ಬಿನ ಡಾಕ್ಟರಿಗೆ, ಬಾಲಿಂಟನಿಗೆ, ಅನೀಶನಿಗೂ, ನಾಲ್ವರಿಗೂ ಒಟ್ಟಿಗೇ ಕಳಿಸಿದಳು.

ಚಹಾದ ಲೋಟ ಹಿಡಿದೇ ಓಡಿ ಬಂದ ಅನೀಶ್, ಮುಖ ಕಪ್ಪಿಟ್ಟಿದೆ, ಏನ್ರೀ ಇದು, ಮಾರ್ಚಿಗೆ ನಿಮ್ಮ ಕರಾರೂ ಮುಗಿಯುತ್ತೆ, ನೆನಪಿದೆಯಾ? ನೆನಪಿದೆ. ಮುಂದುವರಿಸಲ್ಲ ನಾನು. ಮುಂದುವರಿಸಬೇಡಿ, ಎಂಬತ್ತನಾಲ್ಕು ಬೇಕಿದ್ರೆ ಟೇಪು ತಗೊಳ್ಳಿ, ನೀವೇ ಅಳೆದು ನಿಮ್ಮ ಹೆಸರಲ್ಲಿ ಸಹಿ ಹಾಕಿ — ಅವನು ಟೇಪು ಮುಟ್ಟಲಿಲ್ಲ, ಅಷ್ಟರಲ್ಲಿ ಫೋನು ಮಿಣುಕಿತು, ಕೋಚ್, ಎರಡೇ ಪದ, ಸಂಡೇ ಖೇಲೇಗಾ, ಭಾನುವಾರ ಆಡ್ತಾನೆ ಅಂತ, ಅವಳು ಅದನ್ನು ಅನೀಶನಿಗೆ ತೋರಿಸಿದಳು, ಮಾರ್ಚಿಗೆ ಬೇರೆ ಕೆಲಸ ಹುಡುಕಬೇಕು, ಹುಡುಕೋಣ, ರೋಹಿಣಿ ಬಡಾವಣೆಯಲ್ಲೋ ಇಂದಿರಾಪುರಂನಲ್ಲೋ ನೋಯೋ ಮಂಡಿಗಳಿಗೇನು ಬರವಾ, ಬಾಲಿಂಟ್ ಎದ್ದು ಬಂದ, ಏನಾಯ್ತು, ಯಾಕವನು ಕೂಗಾಡಿದ? ಹೇಳಿದಳು, ಒಂದನ್ನೂ ಮುಚ್ಚಿಡದೆ, ಒಂಬತ್ತು ಎಂಟಾಗಬೇಕಿದ್ದ ಕಥೆ, ನಗುತ್ತಾನೆ ಅಂದುಕೊಂಡಳು, ನಗಲಿಲ್ಲ, ಅನೀಶನ ಮುಖವನ್ನು ಒಂದು ಗಳಿಗೆ ನೋಡಿ ಸೀದಾ ಬಿಳಿ ಗೆರೆಯ ಹತ್ತಿರ ಹೋದ, ಬೇಡ, ಅವಳು ಕೂಗಿದಳು, ಪರೀಕ್ಷೆ ಮುಗಿದಿದೆ ಬಾಲಿಂಟ್, ಮೂರು ಸಲ ನೆಗೆದಾಗಿದೆ, ಬೇಡ ಅಂದೆ, ಅವನು ಕೇಳಲಿಲ್ಲ, ಎಡಗಾಲು ಮಡಚಿದ, ಬಲಮಂಡಿ ಬಾಗಿತು, ಅನೀಶನ ಕೈಯ ಚಹಾ ತುಳುಕಿತು, ಆಮೇಲೆ ಮಂಜಿನಲ್ಲಿ ಆ ಕಾಲು, ನೆಲದಿಂದ ಮೇಲೆ, ಯಾರ ಅಳತೆಗೂ ಅಲ್ಲದೆ, ಮೇಲೆ —